ಅಕ್ಕನ ಸೀರೆಯ ಒದ್ದೆ ಗುರುತು

ಅಕ್ಕನ ಸೀರೆಯಲ್ಲಿ ಬಲ ಮೊಣಕಾಲಿನ ಮೇಲೆ ಯಾವಾಗಲೂ ಅಂಗೈಯಗಲ ಒದ್ದೆ ಇರುತ್ತಿತ್ತು. ಅದು ಬೆಕ್ಕಿನ ಜೊಲ್ಲು. ಆ ದಿನವೂ ಇತ್ತು. ಮೂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾವಿಬ್ಬರೂ ಹತ್ತಿ ಬಿಡಿಸುತ್ತ ಕುಳಿತಿದ್ದೆವು. ನನ್ನ ಮನೆಯವರು ಗಾಡಿ ಹೂಡಿಕೊಂಡು ಗೋಕಾಕಕ್ಕೆ ಹೋಗಿದ್ದರು. ಬೂದು ಬಣ್ಣದ ಬೆಕ್ಕು ಅಕ್ಕನ ತೊಡೆಯ ಮೇಲೆ ಕಣ್ಣು ಮುಚ್ಚಿ ಗುರುಗುಟ್ಟುತ್ತಿತ್ತು. ಅಕ್ಕ ಒಂದು ಕೈಯಿಂದ ಅದರ ಗದ್ದ ನೇವರಿಸುತ್ತ, ಇನ್ನೊಂದರಿಂದ ಹತ್ತಿಯ ರಾಶಿಯನ್ನು ಆಚೆ ಸರಿಸಿದಳು.

"ಹತ್ತಿ ತೋಯಿಸಬ್ಯಾಡ ಕಳ್ಳಿ" ಎಂದಳು.

ಕಳ್ಳಿ ಎಂಬ ಆ ಮಾತಿನಲ್ಲಿದ್ದ ಮುದ್ದು ನನಗೆ ಸಹಿಸಲಾಗುತ್ತಿರಲಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಮೊದಲ ಹೆಂಡತಿ. ಮಕ್ಕಳಾಗಲಿಲ್ಲವೆಂದು ತಾನೇ ಹುಕ್ಕೇರಿಗೆ ಬಂದು ನನ್ನನ್ನು ನೋಡಿ ಒಪ್ಪಿಕೊಂಡು ಹೋದವಳು. ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೇನೆಂದು ಕೇಳಿ, "ನಮ್ಮ ಮನ್ಯಾಗೂ ಓದಾಕ ಬರಾಕಿ ಒಬ್ಬಾಕಿ ಇರಲಿ" ಎಂದಿದ್ದಳಂತೆ.

ಮದುವೆಯಾಗಿ ಬಂದ ಹೊಸದರಲ್ಲಿ ಬೆಕ್ಕಿನ ಬಾಯಿಂದ ಜೊಲ್ಲು ತೊಟ್ಟಿಕ್ಕುವುದನ್ನು ಕಂಡು, ಅದಕ್ಕೆ ಹುಚ್ಚು ಹಿಡಿದಿದೆ ಎಂದುಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಅಕ್ಕ ನಕ್ಕಳು.

"ಬಾ, ಕಚ್ಚೂದಿಲ್ಲ. ಸುಖ ಆದ್ರ ಇದರ ಬಾಯಿ ಸೋರತೈತಿ." ಬೆಕ್ಕಿನ ಗದ್ದ ನೇವರಿಸುತ್ತ, "ಮನಷ್ಯಾರಿಗೂ ಹಿಂಗ ಆಗತಿದ್ರ ಚಲೋ ಇತ್ತ ನೋಡು. ಯಾರ ಸುಖ ಎಲ್ಲೈತಿ ಅಂತ ಕೇಳೂ ಗರಜ ಇರತಿದ್ದಿಲ್ಲ" ಎಂದಳು.

ಆ ಮಾತು ಮುಳ್ಳಿನಂತೆ ನನ್ನಲ್ಲಿ ಉಳಿಯಿತು. ಮನೆಯವರು ನನ್ನ ಜೊತೆ ಪೂರ್ತಿ ಮಾತಾಡುತ್ತಿದ್ದರು: "ಊಟಕ್ಕ ನೀಡು", "ಎತ್ತಿಗೆ ನೀರ ಇಟ್ಟಿಯೇನು?" ಅಕ್ಕನ ಜೊತೆ ಅವರಿಗೆ ಅರ್ಧ ಮಾತು ಸಾಕಾಗುತ್ತಿತ್ತು. "ಆ ಕೆಳಗಿನ ಹೊಲದ್ದು..." ಎಂದರೆ ಅವಳು, "ಹೂಂ, ಅಮಾಸಿ ಆಗಲಿ" ಎನ್ನುತ್ತಿದ್ದಳು. ಎತ್ತುಗಳು ಕೂಡ ಅವಳ ದನಿಗೇ ಕಿವಿ ತಿರುಗಿಸುತ್ತಿದ್ದವು. ಗಂಡನನ್ನು ಹಂಚಿಕೊಂಡ ನನಗೆ ಬೆಕ್ಕಾದರೂ ಪೂರ್ತಿ ನನ್ನದಾಗಲಿ ಎಂಬ ಹಟ ಹುಟ್ಟಿತು.

ಹಾಲಿನ ಕೆನೆಯನ್ನು ಬೆರಳಿಗೆ ಹಚ್ಚಿ ನೆಕ್ಕಿಸಿದೆ. ಎಳೆಬಿಸಿಲಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೆ. ಕೂರುತ್ತಿತ್ತು, ಗುರುಗುಟ್ಟುತ್ತಲೂ ಇತ್ತು. ಬಾಯಿ ಮಾತ್ರ ಒಣಗಿರುತ್ತಿತ್ತು. ಒಮ್ಮೆ ನಾನು ಬಗ್ಗಿ ಅದರ ತುಟಿ ನೋಡುತ್ತಿದ್ದಾಗ ಅಕ್ಕ ಒಲೆಯ ಮುಂದಿನಿಂದಲೇ ಹೇಳಿದಳು:

"ಬಾಯಿ ನೋಡಬ್ಯಾಡ ತಂಗಿ. ಕೈ ಇಟ್ಟು ಮರತ ಬಿಡು. ನೀ ಕಾಯಾಕತ್ತೀದಿ ಅಂತ ಅದಕ್ಕ ತಿಳೀತೈತಿ."

"ನಿನಗ ಹೆಂಗ ಮರಿಯಾಕ ಬರತೈತಿ?"

"ನನಗ ಕೆಲಸ ಬಾಳ. ನೆನಪಿಡಾಕ ಹೊತ್ತ ಎಲ್ಲೈತಿ?" ಎಂದು ರೊಟ್ಟಿ ತಟ್ಟಿದಳು.

ಹತ್ತಿ ಬಿಡಿಸಿದ ಆ ಮಧ್ಯಾಹ್ನ ನಾನು ತುಂಬಿದ ಬಸುರಿ. ಸೊಂಟ ಹಿಡಿದುಕೊಂಡು ಕುಳಿತದ್ದನ್ನು ಕಂಡು ಅಕ್ಕ ಬೆಕ್ಕನ್ನು ಕೆಳಗಿಳಿಸಿ, ಗೂಡಿನಿಂದ ಔಡಲ ಎಣ್ಣೆಯ ಬಟ್ಟಲು ತಂದಳು.

"ಬಾ ಇಲ್ಲೆ. ತಲಿ ನೋಡು ಹೆಂಗಾಗೈತಿ. ಹುಕ್ಕೇರಿ ಮಂದಿ ಕಂಡ್ರ ನನಗ ಬೈತಾರ."

ಅವಳ ಬೆರಳುಗಳು ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಗದ್ದಕ್ಕೆ ಇಳಿದವು. ಬೆಕ್ಕಿನ ಮೈಮೇಲೆ ನಾನು ನೋಡಿ ನೋಡಿ ಬಲ್ಲ ದಾರಿ ಅದು. ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ. ಎಚ್ಚರಾದಾಗ ನನ್ನ ಕೆನ್ನೆ ಅವಳ ಮೊಣಕಾಲಿನ ಮೇಲಿತ್ತು, ಬಾಯಿ ತೆರೆದಿತ್ತು, ಸೀರೆ ತೊಯ್ದಿತ್ತು. ನಾಚಿಕೊಂಡು ಸೆರಗಿನಿಂದ ಒರೆಸಲು ಹೋದೆ.

"ಇರಲಿ ಬಿಡು. ಮೊದಲ ಒಂದಿತ್ತು, ಈಗ ಎರಡಾದ್ವು" ಎಂದಳು.

ಬೆಕ್ಕು ಹತ್ತಿಯ ರಾಶಿಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಅದಕ್ಕೂ ನನ್ನ ಮೇಲೆ ಹೊಟ್ಟೆಕಿಚ್ಚಾಗಿರಬೇಕು ಎಂದು ನನಗೆ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಇಲಿ ಸತ್ತು ಬಿದ್ದಿತ್ತು. ಪ್ಲೇಗಿನ ಕಾಲ. ಇಲಿ ಬಿದ್ದರೆ ಊರು ಬಿಡಬೇಕು. ಸಂಜೆಯೊಳಗೆ ಓಣಿಯವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಕ್ಕ ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ ತಂದಳು. ಬೆಳಗಾಗುವಷ್ಟರಲ್ಲಿ ಅದು ತಿರುಗಿ ಮನೆಗೆ ಹೋಗಿಬಿಟ್ಟಿತ್ತು. ಅಂದಿನಿಂದ ಅಕ್ಕ ದಿನಾ ಹಾಲಿನಲ್ಲಿ ರೊಟ್ಟಿ ಕಲಸಿಕೊಂಡು ಖಾಲಿ ಊರಿಗೆ ಹೊರಡುತ್ತಿದ್ದಳು.

"ಬೆಕ್ಕಿಗೇನ ಕಡಿಮಿ ಅಕ್ಕಾ? ಊರ ತುಂಬ ಇಲಿ ಬಿದ್ದಾವು" ಎಂದೆ.

"ಅದಕ್ಕ ಹೊಂಟೇನಿ. ಹೊಟ್ಟಿ ತುಂಬಿದ್ರ ಸತ್ತ ಇಲಿ ತಿನ್ನೂದಿಲ್ಲ. ನಾ ಒಳಗ ಹೋಗೂದಿಲ್ಲ, ಕಟ್ಟಿ ಮ್ಯಾಲ ಇಟ್ಟ ಬಂದಬಿಡತೇನಿ."

ಮನೆಯವರು ಬೈದರು. ಬೈದರೆ ನಿಲ್ಲುವವಳಲ್ಲ. ಬಸುರಿಯಾದ ನನ್ನನ್ನು ಬಿಟ್ಟು ಅದರ ಕಡೆ ಹೋಗುತ್ತಾಳಲ್ಲ ಎಂದು ನಾನು ಗುಡಿಸಲಿನ ಬಾಗಿಲಲ್ಲಿ ಮುಖ ತಿರುವಿಕೊಂಡು ಕುಳಿತಿರುತ್ತಿದ್ದೆ. ತಿರುಗಿ ಬಂದಾಗ ಅವಳ ಮೊಣಕಾಲು ಒದ್ದೆಯಾಗಿರುತ್ತಿತ್ತು. ಕಟ್ಟೆಯ ಮೇಲೆ ಇಟ್ಟು ಬಂದವಳಲ್ಲ, ಅಲ್ಲಿ ಕುಳಿತು ಬಂದವಳು.

ಒಂದು ದಿನ ಅಕ್ಕನಿಗೆ ಜ್ವರ ಬಂತು. ಕಂಕುಳಲ್ಲಿ ಗಂಟು ಎದ್ದಿತು. ಹೊಲದ ಆ ತುದಿಗೆ ಬೇರೆ ಗುಡಿಸಲು ಹಾಕಿ ಅವಳನ್ನು ಅಲ್ಲಿಟ್ಟರು. ನನ್ನನ್ನು ಹತ್ತಿರ ಬಿಡಲಿಲ್ಲ. ದೂರದ ಬನ್ನಿಮರದ ಬುಡದಲ್ಲಿ ನಿಂತು ಅಕ್ಕಾ ಎಂದು ಕೂಗಿದೆ. ಒಳಗಿನಿಂದ ಸಣ್ಣ ದನಿ ಬಂತು.

"ಬೆಕ್ಕಿಗೆ ಯಾರರ ಇಟ್ಟ ಬಂದ್ರೇನು?" ಆಮೇಲೆ, "ನೀ ಉಂಡಿ?"

ಆಗಲೂ ಮೊದಲು ಬೆಕ್ಕು, ಆಮೇಲೆ ನಾನು. ಅಷ್ಟು ಸಂಕಟದಲ್ಲೂ ಅದು ನನ್ನ ಮನಸ್ಸಿಗೆ ಬಂತು. ಉಂಡೆ ಎಂದೆ. ಮರುದಿನ ಅಕ್ಕ ಹೋದಳು. ಹೊಲದ ಬದುವಿನಲ್ಲೇ ಮಣ್ಣು ಮಾಡಿದರು.

ಊರು ಮತ್ತೆ ತುಂಬಿದಾಗ ಬೆಕ್ಕು ನಮ್ಮ ಕಟ್ಟೆಯ ಮೇಲೆ ಬಡಕಲಾಗಿ ಕುಳಿತಿತ್ತು. ಅದರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮತ್ಸರ. ಕೊನೆಯ ದಿನಗಳಲ್ಲಿ ಆ ಕೈ ಇದ್ದದ್ದು ಅದರ ಮೈಮೇಲೆ. ಅಕ್ಕ ಅದಕ್ಕೆ ದಕ್ಕಿದಷ್ಟು ನನಗೆ ದಕ್ಕಲಿಲ್ಲ.

ಈಗ ಮಗಳು ಅಂಬೆಗಾಲಿಡುತ್ತಾಳೆ. ಮನೆಯವರು ನನ್ನ ಜೊತೆಯೂ ಅರ್ಧ ಮಾತಾಡಿ ನಿಲ್ಲಿಸುತ್ತಾರೆ. ಉಳಿದರ್ಧ ನನಗೆ ತಿಳಿಯುವುದಿಲ್ಲ, ಅವರೂ ಹೇಳುವುದಿಲ್ಲ. ಬೆಕ್ಕು ನನ್ನ ತೊಡೆಯ ಮೇಲೆಯೇ ಮಲಗುತ್ತದೆ. ಅದರ ಬಾಯಿ ನೋಡದೆ ಸುಮ್ಮನೆ ಕೈ ಇಡುವುದನ್ನು ಕಲಿತಿದ್ದೇನೆ. ಏಳುವಾಗ ಸೀರೆ ಮುಟ್ಟಿ ನೋಡಿಕೊಳ್ಳುತ್ತೇನೆ, ಒಣಗಿರುತ್ತದೆ. ಔಡಲ ಎಣ್ಣೆಯ ಬಟ್ಟಲು ಅದೇ ಗೂಡಿನಲ್ಲಿದೆ. ನನ್ನ ತಲೆಗೆ ನಾನೇ ಎಣ್ಣೆ ಹಚ್ಚಿಕೊಳ್ಳುತ್ತೇನೆ.