ಕೇಳದೆ ಉಳಿಸಬಾರದು

ರಾಣೆಬೆನ್ನೂರಿನ ಒಂದು ಬೀಜ ಕಂಪನಿಯಲ್ಲಿ ಬೇನಜೀರ ಒಂಬತ್ತು ವರ್ಷಗಳಿಂದ ಮೊಳಕೆ ಎಣಿಸುತ್ತಿದ್ದಾಳೆ. ಕುಪ್ಪೇಲೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಒದ್ದೆ ಕಾಗದದ ಸುರುಳಿ ಬಿಚ್ಚಿ, ನೂರು ಬೀಜಕ್ಕೆ ಎಷ್ಟು ಮೊಳೆತವೆಂದು ನೋಡಿ, ಮೊದಲು ರಟ್ಟಿನ ಚೀಟಿಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಬರೆಯುವುದು ಅವಳ ಕೆಲಸ. ದಾಖಲೆಗಳೆಲ್ಲ ಹಳೆಯದೊಂದು ಡೇಟಾಬೇಸ್‌ನಲ್ಲಿದ್ದವು. ಅದನ್ನು ಮಾಡಿಕೊಟ್ಟವರು ಎಂದೋ ಕೆಲಸ ಬಿಟ್ಟು ಹೋಗಿದ್ದರು; ಒಳಗೆ ಕೈಹಾಕಲು ಎಲ್ಲರಿಗೂ ಹೆದರಿಕೆ.

ಕಳೆದ ಫೆಬ್ರವರಿಯ ಒಂದು ಮುಂಜಾನೆ ಹಲಗೇರಿಯ ಸೋಮವ್ವ ಬಂದಳು. ಕಂಪನಿಗಾಗಿ ಟೊಮೆಟೊ ಹೂವು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಿ ಕ್ರಾಸಿಂಗ್ ಮಾಡಿ ಬೀಜ ಬೆಳೆದವಳು. ನೂರಕ್ಕೆ ಅರವತ್ತೊಂದೇ ಮೊಳೆತಿವೆ ಎಂದು ಅವಳ ಬೀಜವನ್ನು ತಿರಸ್ಕರಿಸಿ, ಸುಡುವುದಕ್ಕೆಂದು ಬೇರೆ ಇಟ್ಟಿದ್ದರು. ಅವಳು ಒದ್ದೆ ಬಟ್ಟೆಯ ಗಂಟೊಂದನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗೆಲ್ಲ ಬಿಳಿ ಮೊಳಕೆ.

“ನೋಡವಾ ತಂಗಿ, ಅದ ಬೀಜದಾಗಿಂದು ಒಂದ್ ಚೂರು ಮನ್ಯಾಗ ಇಟ್ಕೊಂಡಿದ್ದೆ. ಹತ್ತಕ್ಕ ಒಂಬತ್ತು ಮೊಳತಾವ. ನಿಮ್ಮ ಕಾಗದ ಖರೇನೋ, ಇದು ಖರೇನೋ?”

“ಕುಂದ್ರಿ ಯಕ್ಕಾ” ಎಂದು ಬೇನಜೀರ ರಟ್ಟಿನ ಚೀಟಿ ಹುಡುಕಿದಳು. ಅದರಲ್ಲಿ ಅವಳದೇ ಕೈಬರಹದಲ್ಲಿ ತೊಂಬತ್ತೊಂದು ಎಂದಿತ್ತು. ಕಂಪ್ಯೂಟರಿನಲ್ಲಿ ಅರವತ್ತೊಂದು. ಮುಂದಿನ ಚೀಟಿಯನ್ನೂ ತೆಗೆದಳು. ಅರವತ್ತೊಂದು ಆ ಚೀಟಿಯ ಅಂಕಿ. ಮೊದಲೇ ತೊಂಬತ್ತೊಂದು ತುಂಬಿದ್ದ ಸೋಮವ್ವನ ದಾಖಲೆ ಪರದೆಯ ಮೇಲಿದ್ದಾಗಲೇ ಬೇನಜೀರ ಅದರಲ್ಲಿ ಮುಂದಿನವರ ಅಂಕಿ ಹೊಡೆದು, ಮೌಸಿನ ಗಾಲಿ ತಿರುಗಿಸಿ ಮುಂದೆ ಹೋಗಿದ್ದಳು. ಅಲ್ಲಿ ಖಾಲಿ ಕಂಡು, ಮರೆತಿರಬೇಕೆಂದು ಮತ್ತೆ ಅದನ್ನೇ ತುಂಬಿದ್ದಳು. ಒಂದು ದಾಖಲೆಯಿಂದ ಇನ್ನೊಂದಕ್ಕೆ ಸರಿದರೆ ಸಾಕು, ಬದಲಾದದ್ದನ್ನೆಲ್ಲ ಆ ಸಾಫ್ಟ್‌ವೇರ್ ತಾನಾಗಿ ಸೇವ್ ಮಾಡಿ ಉಳಿಸಿಬಿಡುತ್ತಿತ್ತು. ಒಂದು ಮಾತೂ ಕೇಳುತ್ತಿರಲಿಲ್ಲ.

“ತಪ್ಪು ನಂದ ಐತ್ರಿ ಯಕ್ಕಾ” ಎಂದವಳೇ ಎರಡೂ ಚೀಟಿ ಹಿಡಿದು ಮುಖ್ಯಸ್ಥ ಪ್ರಭುಲಿಂಗಪ್ಪನ ಕೋಣೆಗೆ ಹೋದಳು. ಸುಡುವುದು ನಿಂತಿತು. ಮತ್ತೆ ಪರೀಕ್ಷೆ ಮಾಡಿದಾಗ ತೊಂಬತ್ತು ಬಂತು. ಸೋಮವ್ವನ ಬೀಜ ಪಾಸಾಯಿತು.

“ಆತು ಬಿಡ್ರಿ, ಇನ್ನ ಮ್ಯಾಲೆ ಹುಷಾರಿಂದ ಬರೀರಿ” ಎಂದ ಪ್ರಭುಲಿಂಗಪ್ಪ.

“ಹುಷಾರಿಂದನ ಬರದಿದ್ದೆ ಸರ್. ಅದು ಕೇಳಲಾರದ ಉಳಿಸಾಕತ್ತೇತಿ. ಕೇಳೂ ಹಂಗ ಮಾಡ್ತೇನಿ.”

“ನಿಮಗ ಬರ್ತೈತೇನು?”

“ಬರಂಗಿಲ್ರಿ. ಕಲೀತೇನಿ.”

ಡೇಟಾಬೇಸ್‌ನ ಒಂದು ನಕಲು ಮಾಡಿಕೊಂಡು, ಊಟದ ಬಿಡುವಿನಲ್ಲಿ ಅದರ ಮೇಲೆ ಪ್ರಯೋಗ ಶುರುಮಾಡಿದಳು. ಬಸ್ಸಿನಲ್ಲಿ ಮೊಬೈಲಿನ ಪಾಠಗಳು. ಮೊದಲು ‘ಉಳಿಸು’ ಎಂಬ ಬಟನ್ ಹಾಕಿದಳು. ಅದನ್ನು ಒತ್ತದೆ ಮುಂದೆ ಸರಿದರೂ ಅಂಕಿ ಉಳಿದೇ ಬಿಟ್ಟಿತು. ವಾರಗಟ್ಟಲೆ ಹೆಣಗಿ, ಕೊನೆಗೆ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ತರಗತಿ ನಡೆಸುವ ಅಯಾಜ್‌ನನ್ನು ಕೇಳಿದಳು.

“ಬರೇ ಬಟನ್ ಹಾಕಿದ್ರ ಏನಾಗ್ತೈತ್ರಿ ಆಪಾ?” ಎಂದು ಅವನು ನಕ್ಕ. “ಉಳಿಸೂದಕ್ಕ ಒಂದ್ ಗಳಿಗಿ ಮೊದಲ ಹಿಡೀಬೇಕ್ರಿ. ಅದಕ್ಕಂತನ ಒಂದು ಜಾಗ ಐತಿ.”

ಉಳಿಸುವ ಮುನ್ನ ಏನು ಮಾಡಬೇಕೆಂದು ಸೂಚನೆ ಬರೆಯುವ ಆ ಜಾಗವನ್ನು ಅವನು ತೋರಿಸಿಕೊಟ್ಟ. ಬೇನಜೀರ ಅಲ್ಲಿ ಬರೆದಳು: ಕೇಳು, ಬೇಡವೆಂದರೆ ನಿಲ್ಲಿಸು, ಹಳೆಯದನ್ನು ಮರಳಿ ತಾ. ಮರುದಿನ ಬೇಕೆಂದೇ ತಪ್ಪು ಅಂಕಿ ಹೊಡೆದು ಗಾಲಿ ತಿರುಗಿಸಿದಳು. ಪರದೆ ತಡೆದು ಕೇಳಿತು. ‘ಬೇಡ’ ಒತ್ತಿದಳು, ಹಳೆಯ ಅಂಕಿ ಮರಳಿ ಬಂತು. ಕುರ್ಚಿಯಿಂದ ಎದ್ದು ನಿಂತು ಒಬ್ಬಳೇ ನಕ್ಕಳು.

ಅದನ್ನು ಆಫೀಸಿನ ಡೇಟಾಬೇಸ್‌ಗೂ ಹಾಕಿದ ಎರಡೇ ದಿನಕ್ಕೆ ಪಕ್ಕದ ಮೇಜಿನ ಶಿಲ್ಪಾ ಪ್ರಶ್ನೆ ಓದದೆಯೇ ‘ಹೌದು’ ಒತ್ತತೊಡಗಿದ್ದು ಬೇನಜೀರಳ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಪ್ರಶ್ನೆಯನ್ನೇ ತಿದ್ದಿದಳು: ಬೆಳೆದವರ ಹೆಸರು, ಹಳೆಯ ಅಂಕಿ, ಹೊಸ ಅಂಕಿ ಮೂರೂ ದೊಡ್ಡ ಅಕ್ಷರದಲ್ಲಿ ಕಾಣುವಂತೆ. ಇದ್ದ ಅಂಕಿ ಬದಲಾದರೆ ಮಾತ್ರ ಕೇಳುವಂತೆ.

ಏಪ್ರಿಲ್‌ನಲ್ಲಿ ಪ್ರಭುಲಿಂಗಪ್ಪನೇ ಕೈತಪ್ಪಿ ಒಂದು ದಾಖಲೆಯ ಎಂಬತ್ತೆಂಟನ್ನು ಎಂಟು ಮಾಡಿದ. ಪರದೆ ತಡೆಯಿತು. ಅವನು ‘ಬೇಡ’ ಒತ್ತಿ ಬೇನಜೀರಳನ್ನು ಕರೆದ.

“ನಮ್ಮ ಬ್ಯಾಡಗಿ ಆಫೀಸಿನ್ಯಾಗೂ ಇದನ್ನ ಹಾಕಿ ಬರ್ರಿ.”

“ಹಾಕ್ತೇನ್ರಿ ಸರ್. ಆದ್ರ ಮೊದಲ ಅಲ್ಲಿ ಹಳೇ ಚೀಟಿ ಎಲ್ಲಾ ಕಂಪ್ಯೂಟರಿಗೆ ಹೊಂದಿಸಿ ನೋಡಬೇಕ್ರಿ. ಇನ್ನೊಬ್ರ ಬೀಜಕ್ಕ ಹಿಂಗ ಆಗಿದ್ರ?”

ಅಲ್ಲಿದ್ದವು ಸಾವಿರದ ನೂರು ಚೀಟಿ. ಅವಳು ಈಗ ವಾರಕ್ಕೆರಡು ದಿನ ಬ್ಯಾಡಗಿಗೆ ಹೋಗುತ್ತಾಳೆ. ಆರುನೂರ ನಲವತ್ತು ನೋಡಿ ಮುಗಿದಿವೆ, ಮೂರು ತಪ್ಪು ಸಿಕ್ಕಿವೆ.