ಕಿಟಕಿ ಇಡದ ಮನೆಯಲ್ಲಿ ರಾಯ್ನಾ ಪೇಂಚೇವಾ

ಮಡಕೆಯ ಮೆರುಗಿನ ರಸಾಯನಶಾಸ್ತ್ರವನ್ನು ಕಲಿಸುವವರು ನಮ್ಮ ಬಲ್ಗೇರಿಯಾದಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಶ್ರೀಮತಿ ರಾಯ್ನಾ ಪೇಂಚೇವಾ ಅವರದು ಗೌರವದಿಂದ ಹೇಳುವ ಹೆಸರು. ಆದರೆ ಕಟ್ಟುವವರೇ ‘ಇದಿನ್ನೂ ಬಿಡುಗಡೆಯಾಗಿಲ್ಲ, ನಂಬಿ ಕೆಡಬೇಡಿ’ ಎಂದು ಹಣೆಯ ಮೇಲೆ ಬರೆದಿಟ್ಟ ತಂತ್ರಾಂಶದ ಮೇಲೆ ಸ್ವಂತ ಜಾಲತಾಣವನ್ನು ನಡೆಸಿ, ಅದು ಬಿದ್ದಾಗಲೆಲ್ಲ ಎಬ್ಬಿಸಿ, ಬಿದ್ದ ಕಾರಣವನ್ನು ಕಟ್ಟುವವರಿಗೆ ತಿಳಿಸಿ, ಮತ್ತೆ ಅದರ ಮುಂದಿನ ಅರೆಬೆಂದ ಆವೃತ್ತಿಯನ್ನೇ ಏರಿಸಿಕೊಂಡವರು ನಮ್ಮ ಸೀಮೆಯಲ್ಲಿ ಅವರೊಬ್ಬರೇ. ಅವರ ವಿದ್ವತ್ತಿನ ಬಗ್ಗೆ, ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಶಾಲೆಯಲ್ಲಿ ಮಡಕೆ ಸುಡುವ ಆವಿಗೆಗೆ ಬೆಂಕಿ ಹಾಕುವವನಾದ ನಾನು ಕಣ್ಣಾರೆ ಕಂಡಷ್ಟನ್ನು ಹೇಳುತ್ತೇನೆ.

ಅವರು ನಮ್ಮ ಕುಂಬಾರಿಕೆ ಶಾಲೆಗೆ ಬಂದದ್ದು ಬ್ರೆಡ್ಡಿಗೂ ಸಾಲು ನಿಲ್ಲಬೇಕಾಗಿದ್ದ ಕಷ್ಟದ ಚಳಿಗಾಲದಲ್ಲಿ. ನನ್ನ ಹೆಂಡತಿ ಆಸ್ಪತ್ರೆ ಸೇರಿದ ವಾರ, ಬೆಂಕಿಯೆಂದರೆ ಅಂಜುತ್ತಿದ್ದ ಆ ಹೊಸ ಟೀಚರು ನನ್ನ ಬದಲಿಗೆ ಆವಿಗೆಯ ಮುಂದೆ ಕೂತು ಸೌದೆ ಹಾಕಿದರು. ಹುಬ್ಬು ಸುಟ್ಟುಕೊಂಡದ್ದನ್ನು ಯಾರಿಗೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೊಸ ಮೆರುಗೊಂದನ್ನು ಮಾಡಿದರೆ ಅದು ವಿಷ ಬಿಡುತ್ತದೆಯೇ ಎಂದು ವಿನಿಗರ್ ಹಾಕಿಟ್ಟು ಪರೀಕ್ಷಿಸಿ, ಆಮೇಲೂ ಮೊದಲು ತಮ್ಮ ಬಟ್ಟಲಿಗೇ ಬಳಿದುಕೊಂಡು ಅದರಲ್ಲೇ ಚಹಾ ಕುಡಿದು, ತಿಂಗಳು ಕಳೆದ ಮೇಲೆ ಮಕ್ಕಳ ಕೈಗೆ ಕೊಡುತ್ತಿದ್ದರು. ಜಾಲತಾಣದಲ್ಲೂ ಅವರದು ಇದೇ ರೀತಿ. ಶಾಲೆಯ ತಾಣವನ್ನು ಅವರು ಹಳೆಯ, ಪಳಗಿದ ತಂತ್ರಾಂಶದ ಮೇಲೆ ಇಟ್ಟಿದ್ದರು. ಅಪಾಯವೆಲ್ಲ ಸ್ವಂತ ತಾಣಕ್ಕೆ.

ನಮ್ಮ ಶಾಲೆಯ ನಿರ್ದೇಶಕರಾದ ಶ್ರೀ ಕೋಲೆವ್ ಆ ತಾಣವನ್ನು ಅವರ ‘ಮನೆ’ ಎಂದೇ ಕರೆಯುತ್ತಿದ್ದರು; ಅದು ದಿನದ ತಮಾಷೆ.

“ಏನ್ ಮೇಡಂ, ನಿಮ್ಮನೆ ಇವತ್ತು ನಿಂತಿದೆಯೋ ಮಲಗಿದೆಯೋ?”

“ಎದ್ದು ಕೂತಿದೆ ಸರ್. ಇನ್ನೂ ಮುಖ ತೊಳೆದಿಲ್ಲ.”

“ಪೂರ್ತಿ ಮುಗಿದಿರೋದು ಸಿಗಲ್ವೇನ್ರೀ ನಿಮಗೆ?”

“ಸಿಗುತ್ತಲ್ಲ ಸರ್. ಯಾರೋ ಮುಂಚೆ ಹೊಕ್ಕು ಎಡವಿ ಬಿದ್ದಿದ್ದಕ್ಕೇ ಅದು ಮುಗಿದಿರೋದು.”

ಆ ತಾಣದಲ್ಲಿ ಪ್ಲಮ್ ಹಣ್ಣಿನ ಜಾಮು, ಕೆಟ್ಟುಹೋದ ಮೆರುಗುಗಳು, ಬೆಕ್ಕಿನ ಬಾಣಂತನ ಎಲ್ಲವೂ ಇದ್ದವು. ಆದರೆ ಜನ ಓದುತ್ತಿದ್ದದ್ದು ಬಾಯ್ ದೋಬ್ರಿಯ ಪುಟಗಳನ್ನು. ಬಾಯ್ ದೋಬ್ರಿ ನನಗೆ ಕೆಲಸ ಕಲಿಸಿದ ಗುರು, ಶಾಲೆಯ ಹಳೆಯ ಕುಂಬಾರ. ಅವರಿಂದಲೇ ಕಸುಬು ಕಲಿತ ಒಬ್ಬಳೇ ಮಗಳು ಯಾನಿತ್ಸಾ ಹಟದಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ಒಮ್ಮೆ ಗಿರಾಕಿಯ ಎದುರಿಗೇ ಅವಳು, “ಈ ಮಡಕೇಲಿ ಮೊಸರು ಹಾಕ್ಬೇಡಿ, ನಮ್ಮಪ್ಪನ ಮೆರುಗಲ್ಲಿ ಸೀಸ ಇದೆ, ಹುಳಿ ತಾಗಿದ್ರೆ ವಿಷ ಬಿಡುತ್ತೆ,” ಎಂದುಬಿಟ್ಟಳು. ಅವಳು ಹೇಳಿದ್ದು ನಿಜ. ಅದಕ್ಕೇ ಸಿಟ್ಟು ಹೆಚ್ಚಾಯಿತು. ಮಗಳು ದೇಶದ ಆ ತುದಿಯ ಬುಸಿಂತ್ಸಿ ಎಂಬ ಹಳ್ಳಿಗೆ ಹೋಗಿ ಸ್ವಂತ ತಿಗುರಿಯ ಚಕ್ರ ಹೂಡಿದಳು. ಫೋನು ಮಾಡಬೇಡವೆಂದು ಅಪ್ಪ, ಮಾಡುವುದಿಲ್ಲವೆಂದು ಮಗಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ರಾಯ್ನಾ ಅವರು ಸಂಧಾನಕ್ಕೆ ಹೋಗಲಿಲ್ಲ. ಶನಿವಾರ ಶನಿವಾರ ಬಾಯ್ ದೋಬ್ರಿಯನ್ನು ಮನೆಗೆ ಕರೆಸಿ, ಚೀಸಿನ ಬಾನಿತ್ಸಾ ತಿನ್ನಿಸಿ, ಅವರ ಕಸುಬಿನ ಮಾತನ್ನು ಹೇಳಿದ ಹಾಗೆಯೇ ಬೆರಳಚ್ಚಿಸಿ ತಾಣದಲ್ಲಿ ಹಾಕತೊಡಗಿದರು. ಕೆಲವೇ ವಾರಗಳಲ್ಲಿ ಪುಟದ ಕೆಳಗೆ ಓದುಗರು ಬರೆಯುವ ಜಾಗದಲ್ಲಿ ಬುಸಿಂತ್ಸಿಯಿಂದ ಒಂದು ಸಾಲು ಬಂತು: “ಮೆರುಗಿಗೆ ಹಾಕೋ ಬೂದೀನ ಒಂದು ಸಲ ಜರಡಿ ಹಿಡಿದ್ರೆ ಸಾಲದು, ಎರಡು ಸಲ. ಮುದುಕರಿಗೆ ಮರೆವು.” ಓದಿ ಹೇಳಿದಾಗ ಬಾಯ್ ದೋಬ್ರಿ ಮೇಜು ಗುದ್ದಿದರು. “ಬರ್ಕೋ ರಾಯ್ನೆ! ಜರಡಿ ಹಿಡಿಯೋದು ಇವಳಿಗೆ ಕಲಿಸಿದ್ಯಾರು, ಇವಳ ಅತ್ತೆಯಾ?” ಹೀಗೆ ಎರಡು ವರ್ಷ ಅಪ್ಪ ಮಗಳು ಆ ಪುಟಗಳ ಅಡಿಯಲ್ಲಿ ಮನಸಾರೆ ಬೈದಾಡಿಕೊಂಡರು. ಆ ಬೈಗುಳದ ನಡುವೆಯೇ ಮುದುಕರು ಮೆರುಗಿಗೆ ಸೀಸ ಹಾಕುವುದನ್ನು ಸದ್ದಿಲ್ಲದೆ ಬಿಟ್ಟರು. ಊರಿಗೆ ಊರೇ ಓದಿ ನಗುತ್ತಿತ್ತು.

ಮೂರನೆಯ ವರ್ಷದ ಶರತ್ಕಾಲದಲ್ಲಿ ರಾಯ್ನಾ ಅವರು ಹೊಸ ಆವೃತ್ತಿಯನ್ನು ಏರಿಸಿದರು. ಪುಟಗಳೆಲ್ಲ ಚೆನ್ನಾಗಿಯೇ ಬಂದವು. ಆದರೆ ಹೊಸ ಪುಟಗಳ ಕೆಳಗೆ ಓದುಗರ ಜಾಗ ಬರಿದಾಗಿಯೇ ಉಳಿಯಿತು.

“ಬಂತಾ?” ಎಂದು ಬಾಯ್ ದೋಬ್ರಿ ಬಾಗಿಲಲ್ಲೇ ಕೇಳುತ್ತಿದ್ದರು. “ಇಲ್ಲ,” ಎಂದು ರಾಯ್ನಾ ಅವರು. ಕೆಲವು ಶನಿವಾರ ಹಾಗೆ ಕಳೆದು, ಮುದುಕರು ಬರುವುದನ್ನೇ ನಿಲ್ಲಿಸಿದರು. ನಾನು ನೋಡಲು ಹೋದೆ. ತಿಗುರಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು.

“ಸೋಮವಾರ ಗುಜರಿಯವನ ಗಾಡಿ ಬರುತ್ತೆ.”

“ಯಾಕೆ ಗುರುವೇ?”

“ಬೈಯೋಳೇ ಸುಮ್ನಾದ್ಮೇಲೆ ಯಾರಿಗೋಸ್ಕರ ತಿರುಗಿಸ್ಲೋ? ಈ ಸಲ ನಿಜವಾಗ್ಲೂ ಬಿಟ್ಳು ಅವಳು.”

ಆ ಮನುಷ್ಯ ತಿಗುರಿ ಮಾರಿದರೆ ಹೆಚ್ಚು ದಿನ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ನೇರವಾಗಿ ರಾಯ್ನಾ ಅವರ ಬಳಿಗೆ ಬಂದು ಹೇಳಿದೆ. ಅವರು ಮಗಳನ್ನು ದೂರುವ ಬದಲು ತಮ್ಮ ತಾಣವನ್ನೇ ಅನುಮಾನಿಸಿದರು. ತಂತ್ರಾಂಶ ಕಟ್ಟುವವರಲ್ಲಿ ಒಬ್ಬಳಾದ, ಲಿಯೂಬ್ಲಿಯಾನಾದ ಅಲೆಂಕಾ ಎಂಬ ಹುಡುಗಿಗೆ ಬರೆದರು. ಉತ್ತರ ಬೇಗನೆ ಬಂತು: ಓದುಗರು ಬರೆದದ್ದೆಲ್ಲ ಒಳಗೆ ಬಂದು ಒಪ್ಪಿಗೆಗಾಗಿ ಕಾಯುತ್ತ ಕೂತಿದೆ; ಅದನ್ನು ನೋಡಿ ಒಪ್ಪಿಗೆ ಕೊಡುವ ಕಿಟಕಿಯನ್ನು ಈ ಆವೃತ್ತಿಯಲ್ಲಿ ಇನ್ನೂ ಇಟ್ಟಿಲ್ಲ, ಕ್ಷಮಿಸಿ. ಹಳೆಯ ಆವೃತ್ತಿಗೆ ಮರಳಿದರೆ ಆ ಬರಹಗಳೆಲ್ಲ ನಷ್ಟ.

ರಾಯ್ನಾ ಅವರು ಮೊದಲು ಬುಸಿಂತ್ಸಿಗೆ ಫೋನು ಮಾಡಿದರು.

“ನಾನು ಬರೆದಿದ್ದೀನಿ, ಒಂದಲ್ಲ ಹತ್ತು ಸಲ,” ಎಂದಳು ಯಾನಿತ್ಸಾ. “ಅಪ್ಪ ತುಟಿ ಬಿಚ್ಚಲಿಲ್ಲ. ನೀವು ನಡುವೆ ನಿಂತು ತೇಪೆ ಹಾಕ್ಬೇಡಿ ಮೇಡಂ. ಓದ್ಲಿ, ಆಮೇಲೆ ನೋಡೋಣ.”

ಆಮೇಲೆ ಮುದುಕರ ಮನೆಗೆ ಹೋದೆವು. ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

“ಬರೆದಿದ್ದಾಳೆ, ಬಂದೂ ಇದೆ, ಆದ್ರೆ ಯಾರ ಕಣ್ಣಿಗೂ ಕಾಣಲ್ಲ. ದೇವರ ವಿಷಯಾನೂ ಪಾದ್ರಿ ಹೀಗೇ ಹೇಳ್ತಾನೆ ರಾಯ್ನೆ. ಒಳ್ಳೆ ಮನಸ್ಸು ನಿಂದು. ಮನೆಗೆ ಹೋಗು.”

ಶನಿವಾರ ಬೆಳಗಿನಿಂದ ಅಲೆಂಕಾ ಅಲ್ಲಿಂದ ಹೇಳುತ್ತ, ರಾಯ್ನಾ ಅವರು ಇಲ್ಲಿ ತಿದ್ದುತ್ತ, ಆ ಕಿಟಕಿಯನ್ನು ತಾವೇ ಕಟ್ಟಲು ಕೂತರು. ಎರಡು ಸಲ ತಾಣವೇ ನೆಲಕಚ್ಚಿತು. ಜಾಮು ಕುದಿಸುವುದನ್ನೂ ಬಿಟ್ಟು ಕೂತ ಅವರ ಮುಖದಲ್ಲಿ ಗಾಬರಿ ಕಂಡದ್ದು ನನಗೆ ಅದೊಂದೇ ಬಾರಿ. “ಇದು ಹೋದ್ರೆ ಯಾನಿತ್ಸಾಳ ಮಾತೂ ಹೋಗುತ್ತೆ,” ಎಂದು ಪ್ರತಿ ಹೆಜ್ಜೆಗೂ ನಕಲು ತೆಗೆದಿಟ್ಟು ಮುಂದುವರಿದರು. ಭಾನುವಾರ ಮಧ್ಯಾಹ್ನ ಕಿಟಕಿ ತೆರೆಯಿತು. ಒರಟು ಕಿಟಕಿ: ಹೊಸದು ಹಳೆಯದು ಕಲಸಿಹೋಗಿತ್ತು, ನಡುನಡುವೆ ಬೂಟಿನ, ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತು. ಅದನ್ನು ಒಪ್ಪಗೊಳಿಸಲು ಅವರು ಕಾಯಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟು ಬಾಯ್ ದೋಬ್ರಿಯ ಮನೆಗೆ ಮುಂದೆ ನಡೆದರು.

“‘ಅಪ್ಪಾ, ಓಕ್ ಮರದ ಬೂದಿಗಿಂತ ಬೀಚ್ ಮರದ ಬೂದಿ ಮೇಲು ಅಂದ್ರಲ್ಲ, ಸುಳ್ಳು,’” ಎಂದು ರಾಯ್ನಾ ಅವರು ಓದಿದರು. “‘ಒಂದೇ ತಿಂಗಳಲ್ಲಿ ಸೊಂಟ ಸಣ್ಣಗಾಗಲು…’”

“ಅದೂ ಅವಳದೇನಾ?”

“ಅಲ್ಲ ಬಾಯ್ ದೋಬ್ರಿ, ಅದು ಮಾತ್ರೆ ಮಾರೋರದು. ಇದು ಅವಳದು. ‘ಅಪ್ಪಾ, ಮಾತಾಡದೆ ಕೂತ್ರೆ ಗೆದ್ದ ಹಾಗಲ್ಲ.’ ಇದೂ ಅವಳದೇ. ‘ಅಪ್ಪಾ, ನಿಮ್ಮ ದೊಡ್ಡ ಬಟ್ಟಲಿನ ಅಂಚು ನನ್ನ ಕೈಗೆ ಬರ್ತಿಲ್ಲ. ಪ್ರತಿ ಸಲ ಸೀಳುತ್ತೆ. ಕೊನೇಲಿ ಹೆಬ್ಬೆರಳು ಒಳಗಿರ್ಬೇಕಾ ಹೊರಗಿರ್ಬೇಕಾ? ಒಂದು ಮಾತು ಹೇಳಿ ಸಾಕು.’”

ಬಾಯ್ ದೋಬ್ರಿ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಗಾಳಿಯಲ್ಲಿ ಒಮ್ಮೆ ಬಾಗಿಸಿದರು, ಇನ್ನೊಮ್ಮೆ ಬಾಗಿಸಿದರು. “ಥೂ, ಬಾಯಲ್ಲಿ ಹೇಳೋಕೆ ಬರಲ್ಲ. ಮಾಡಿದ್ರೇ ಗೊತ್ತಾಗೋದು.” ಮತ್ತೆ ನನ್ನ ಕಡೆ ತಿರುಗಿ, “ನಿಂತು ನೋಡ್ತೀಯೇನೋ ಕತ್ತೆ? ತಿಗುರಿ ಜೋಡಿಸು!”

ಸೋಮವಾರ ಗುಜರಿಯವನು ಒಂದು ಲೋಟ ರಾಕಿಯಾ ಸಾರಾಯಿ ಕುಡಿದು, ಖಾಲಿ ಗಾಡಿಯಲ್ಲಿ ಬೈದುಕೊಂಡು ಹೋದ.

ಆ ತಂತ್ರಾಂಶ ಈಗ ಬಿಡುಗಡೆಯಾಗಿದೆ, ಎಲ್ಲೆಲ್ಲಿಯವರೋ ಬಳಸುತ್ತಾರಂತೆ. ಅದರ ಆ ಕಿಟಕಿ ನಮ್ಮ ಟೀಚರು ಗಾಬರಿಯಲ್ಲಿ ಹೂಡಿದ್ದರ ಮೇಲೆಯೇ ಎದ್ದದ್ದೆಂದು ಅಲೆಂಕಾ ಈ ಸಂಪುಟಕ್ಕೆ ಬರೆದು ಕಳಿಸಿದ್ದಾಳೆ. ರಾಯ್ನಾ ಅವರು ಆಗಲೇ ಅದರ ಮುಂದಿನ ಹಸಿ ಆವೃತ್ತಿಗೆ ಮನೆ ಬದಲಿಸಿದ್ದಾರೆ, ಆದರೆ ಈಗ ಏರಿಸುವ ಮೊದಲು ಬುಸಿಂತ್ಸಿಗೆ ಹೇಳಿ ಏರಿಸುತ್ತಾರೆ. ಯಾನಿತ್ಸಾ ವರ್ಷಕ್ಕೆರಡು ಬಾರಿ ಬಂದು ಎದುರೆದುರೇ ಬೈದು ಹೋಗುತ್ತಾಳೆ. ಉಳಿದ ದಿನಗಳಿಗೆ ಆ ಪುಟಗಳಿವೆ.

ರಾಯ್ನಾ ಅವರ ನಿವೃತ್ತಿಯ ಸುದ್ದಿ ಕೇಳಿ ಬಾಯ್ ದೋಬ್ರಿ ನನ್ನನ್ನು ಕರೆಸಿ, “ಶಾಲೆ ಬಿಟ್ರೆ ಬಿಡ್ಲಿ, ಶನಿವಾರ ಬಿಟ್ಟಾಳೇನೋ?” ಎಂದು ವಿಚಾರಿಸಿದರು. ಬಿಡುವುದಿಲ್ಲವೆಂದು ಟೀಚರ ಪರವಾಗಿ ನಾನೇ ಮಾತು ಕೊಟ್ಟಿದ್ದೇನೆ. ಆ ಮಾತು ಉಳಿಸುವಷ್ಟು ಕಣ್ಣಿನ ಬೆಳಕನ್ನೂ ಬೆರಳಿನ ಕಸುವನ್ನೂ ದೀರ್ಘಾಯುಸ್ಸನ್ನೂ ದೇವರು ಶ್ರೀಮತಿ ರಾಯ್ನಾ ಪೇಂಚೇವಾ ಅವರಿಗೆ ಕೊಡಲಿ; ಮತ್ತು ಈ ಅಪ್ಪ ಮಗಳ ಜಗಳ ಎಂದಿಗೂ ಬಗೆಹರಿಯದಿರಲಿ.