ಹಳದಿ ಕಾರ್ಡು ತೋರಿಸಿದ ಹೊಳೆಯಪ್ಪ

ಮುಂಡರಗಿಯಿಂದ ಗದಗಿಗೆ ಹೋಗುವ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ದೀಪಗಳಿನ್ನೂ ಆರಿಲ್ಲ. ದರ ತೋರಿಸುವ ಫಲಕದ ಕಂಬಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಹೊಳೆಯಪ್ಪ ಕಬ್ಬಿಣ ಬಡಿಯುತ್ತಿದ್ದಾರೆ. ಬಡಿಯುವುದೆಂದರೆ ಜೋರಾಗಿ ಅಲ್ಲ, ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಒಂದು ಗೇಣು ಬಿಟ್ಟು ಇನ್ನೊಂದು ಗೇಣು. ತಟ್ಟಿದ ಮೇಲೆ ಕಿವಿ ಹತ್ತಿರ ಒಯ್ದು ಆಲಿಸುತ್ತಾರೆ.

“ಗಟ್ಟಿ ಇದ್ದ ಕಬ್ಬಿಣ ಹಾಡತೈತ್ರಿ. ಜಂಗು ತಿಂದದ್ದು ಕೆಮ್ಮತೈತಿ,” ಎನ್ನುತ್ತಾರೆ. ತುಕ್ಕಿಗೆ ಈ ಕಡೆಯವರು ಜಂಗು ಎನ್ನುತ್ತಾರೆ. ಕೆಮ್ಮಿದ ಕಡೆ ಸೀಮೆಸುಣ್ಣದ ಗುರುತು ಹಾಕಿ, ಕೆರೆದು, ಒರೆಸಿ, ಕೆಂಪು ಬಣ್ಣದ ಮೊದಲ ಲೇಪ ಹಚ್ಚುತ್ತಾರೆ. ಬಿಸಿಲೇರಿ ಕಬ್ಬಿಣ ಕಾದರೆ ಬಣ್ಣ ಗುಳ್ಳೆ ಏಳುತ್ತದೆ, ಆದ್ದರಿಂದ ಅವರ ದಿನ ಕೋಳಿ ಕೂಗುವ ಹೊತ್ತಿಗೇ ಶುರು.

ಅವರ ಕೈಯಲ್ಲಿರುವ ಸುತ್ತಿಗೆ, ಬಡಿದರೆ ಕಿಡಿ ಹಾರದ ಹಿತ್ತಾಳೆಯದು. ಕೆರೆಯುವ ಪಟ್ಟಿಯೂ ಹಿತ್ತಾಳೆಯದೇ. ಬಂಕಿನ ಮಾಲೀಕ ದೇವೇಂದ್ರಪ್ಪನವರಿಗೆ ಇದು ಮೊದಲ ದಿನದಿಂದಲೂ ತಲೆನೋವು. ಚಹಾದ ಕಪ್ಪು ಹಿಡಿದುಕೊಂಡೇ ಕಂಬದ ಕೆಳಗೆ ಬಂದು ನಿಲ್ಲುತ್ತಾರೆ.

“ಹೊಳೆಯಪ್ಪ, ಗ್ರೈಂಡರ್ ಹಚ್ಚಿದ್ರ ನಿನ್ನೇನ ಮುಗೀತಿತ್ತಲ್ಲೋ.”

“ಕಿಡಿ ಹಾರ್ತಾವ್ರಿ ಸಾವ್ಕಾರ್ರ. ಪೆಟ್ರೋಲ್ ಐತಿ.”

“ಅದು ಅಲ್ಲೈತಿ, ನೀ ಇಲ್ಲಿದ್ದಿ.”

“ಇರಲಿ ಬಿಡ್ರಿ.”

ಈ ‘ಇರಲಿ ಬಿಡ್ರಿ’ಯ ಮುಂದೆ ದೇವೇಂದ್ರಪ್ಪನವರ ಆಟ ನಡೆಯುವುದಿಲ್ಲ. ಬೈದುಕೊಳ್ಳುತ್ತಲೇ ಒಳಗೆ ಹೋಗುತ್ತಾರೆ. ಈ ಹಟ ಮುಂಡರಗಿಯಲ್ಲಿ ಕಲಿತದ್ದಲ್ಲ. ಮುಂಬೈಯಿಂದ ಎಷ್ಟೋ ಹೊತ್ತು ಹಡಗಿನಲ್ಲಿ ಹೋದರೆ ಸಿಗುವ, ಸಮುದ್ರದ ನಡುವೆ ಕಬ್ಬಿಣದ ಕಾಲೂರಿ ನಿಂತ ಎಣ್ಣೆ ಬಾವಿಯ ಅಟ್ಟದ ಮೇಲೆ ಕಲಿತದ್ದು.

ಹೊಳೆಯಪ್ಪನವರದು ಡೋಣಿ ಊರು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದ ಕಾಲದಲ್ಲಿ ಅವುಗಳ ಕಂಬಕ್ಕೆ ಬಣ್ಣ ಹಚ್ಚಲು ಹೋದವರು. ಎತ್ತರಕ್ಕೆ ಹೆದರದ ಈ ಆಳನ್ನು ನೋಡಿದ ಮೇಸ್ತ್ರಿಯೊಬ್ಬ ಮುಂಬೈಗೆ ಕರೆದೊಯ್ದ. ಅಲ್ಲಿಯತನಕ ಅವರು ಕಂಡ ದೊಡ್ಡ ನೀರೆಂದರೆ ತುಂಗಭದ್ರೆ ಮತ್ತು ಮಾಗಡಿ ಕೆರೆ. ಹಡಗಿನಿಂದ ಅಟ್ಟಕ್ಕೆ ಆಳುಗಳನ್ನು ಕ್ರೇನಿಗೆ ನೇತುಬಿಟ್ಟ ಬಲೆಬುಟ್ಟಿಯಲ್ಲಿ ಎತ್ತುತ್ತಾರೆ. “ಸಂತಿಗೆ ಹೊಂಟ ಬದನಿಕಾಯಿ ಆಗಿದ್ನಿರಿ ಅವತ್ತು,” ಎಂದು ನಗುತ್ತಾರೆ. ಅವರು ನಕ್ಕದ್ದು ಇಡೀ ದಿನದಲ್ಲಿ ಅದೊಂದೇ ಸಲ.

ಮಳೆಗಾಲ ಕಳೆದು ಸಮುದ್ರ ತಣ್ಣಗಾದಾಗ ಹೋಗುವುದು, ಮುಂಗಾರಿನ ಹೊಸ್ತಿಲಲ್ಲಿ ಊರಿಗೆ ಮರಳುವುದು. ಹನ್ನೊಂದು ವರ್ಷ ಹಾಗೇ ನಡೆಯಿತು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ, ಹೊಳೆಯಪ್ಪನಂಥವರು ಕೆರೆದು ಬಣ್ಣ ಹಚ್ಚುತ್ತಾರೆ, ಅದು ಮತ್ತೆ ತಿನ್ನುತ್ತದೆ. ಎಣ್ಣೆ ಬಾವಿ ಎಂದರೂ ಅಷ್ಟು ವರ್ಷದಲ್ಲಿ ಒಂದು ಹನಿ ಕಚ್ಚಾ ಎಣ್ಣೆಯನ್ನು ಅವರು ಕಣ್ಣಿನಿಂದ ಕಂಡವರಲ್ಲ. “ಪೈಪಿನ್ಯಾಗ ಹೋಗ್ತಿತ್ತಂತ್ರಿ. ಕೈ ಇಟ್ರ ಬಿಸಿ ಹತ್ತತಿತ್ತು, ಅಷ್ಟ.”

ನಾವು ಸುಡುವ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಮಿಕ್ಕಿ ಹೊರದೇಶದ್ದು. ಮನೆಯದೆಂದು ಹೇಳಿಕೊಳ್ಳುವ ಉಳಿದ ಚೂರಿನಲ್ಲಿ ದೊಡ್ಡ ಪಾಲು ಬರುವುದು ಪಶ್ಚಿಮದ ಈ ಸಮುದ್ರದಿಂದ. ಬಾವಿಗಳಿಗೆ ವಯಸ್ಸಾಗಿದೆ, ಹೊಸ ಬಂಡವಾಳ ಬೇಕು ಎಂದು ದಿಲ್ಲಿಯಲ್ಲಿ ಸಭೆಗಳಾಗುತ್ತವೆ. ಎಣ್ಣೆಯ ಬೆಲೆ ಏರಿದಾಗ ಬಂಡವಾಳದ ಮಾತೂ ಏರುತ್ತದೆ. ಬೆಲೆ ಬಿದ್ದರೆ ಕಂಪನಿಗಳು ಕೈ ಬಿಗಿ ಹಿಡಿಯುತ್ತವೆ. ಹಾಗಂತ ಬಾವಿಯ ಬಾಯಿ ಮುಚ್ಚುವುದಿಲ್ಲ. ಬಣ್ಣ ಹಚ್ಚುವುದನ್ನು ಮುಂದಿನ ವರ್ಷಕ್ಕೆ ದೂಡುತ್ತಾರೆ, ಏಕೆಂದರೆ ಬಣ್ಣ ಹಚ್ಚದಿದ್ದರೆ ಎಣ್ಣೆಯೇನೂ ಆ ದಿನವೇ ನಿಲ್ಲುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ವೈದ್ಯ ಎಲ್ಲ ಕಡೆಯೂ ಇದ್ದದ್ದೇ.

ಬಂಕಿಗೆ ಬಂದ ಟ್ರ್ಯಾಕ್ಟರಿನವನೊಬ್ಬ ಫಲಕ ನೋಡಿ ಗೊಣಗುತ್ತಾನೆ. “ಹೊರದೇಶದಾಗ ಇಳದಾಗ ಇಲ್ಲಿ ಇಳೀಲಿಲ್ಲ, ಈಗ ಏರೈತಂತ, ಇನ್ನೇನ ಕಾದೈತೋ.” ಏಣಿಯ ಮೇಲಿನ ಹೊಳೆಯಪ್ಪ ಕೆಳಗೆ ನೋಡುವುದಿಲ್ಲ. ಫಲಕದ ಅಂಕಿ ಅಲುಗದಿದ್ದರೂ ಅವರ ಬದುಕು ಆ ಬೆಲೆಯ ಜೊತೆ ಇಳಿಯುತ್ತ ಏರುತ್ತ ಬಂದಿದೆ ಎಂದು ಆತನಿಗೆ ಹೇಳುವವರು ಯಾರು?

ಹನ್ನೊಂದನೇ ವರ್ಷ, ಬೆಲೆ ಬಿದ್ದಾಗ, ದೊಡ್ಡ ಗುಂಪಿನಲ್ಲಿ ಐದಾರು ಜನರನ್ನಷ್ಟೇ ಉಳಿಸಿಕೊಂಡಿದ್ದರು. ಹೊಳೆಯಪ್ಪ ಮತ್ತು ಶಿರಹಟ್ಟಿಯ ಈಶಪ್ಪ ಅವರಲ್ಲಿ ಇಬ್ಬರು. ಮೂರನೇ ಅಂತಸ್ತಿನಲ್ಲಿ, ಗಾಳಿ ಬರುವ ಮಗ್ಗುಲಿಗೆ ನಡೆದಾಡಲು ಕಬ್ಬಿಣದ ಜಾಲರಿ ಹಾಸಿದ್ದಾರೆ. ಅದರ ಕೆಳಗೆ ಬರೀ ಸಮುದ್ರ. ಹಿಂದಿನ ವರ್ಷವೇ ಕೆರೆದು ಬಣ್ಣ ಕಾಣಬೇಕಿದ್ದ ಜಾಲರಿ ಅದು. ಹೊಳೆಯಪ್ಪ ಅಭ್ಯಾಸದಂತೆ ಕಾಲಿಡುವ ಮೊದಲು ಬಡಿದು ನೋಡಿದರು. ಕೆಮ್ಮಿತು. ಇನ್ನೊಮ್ಮೆ ಬಡಿದಾಗ ಸುತ್ತಿಗೆಯ ತಲೆ ಒಳಗೇ ಇಳಿಯಿತು.

ಅಲ್ಲಿ ಪ್ರತಿ ಆಳಿನ ಕಿಸೆಯಲ್ಲೂ ಒಂದು ಹಳದಿ ಕಾರ್ಡು ಇರುತ್ತದೆ. ಅಪಾಯ ಕಂಡರೆ ಯಾರು ಬೇಕಾದರೂ ಅದನ್ನು ತೋರಿಸಿ ಕೆಲಸ ನಿಲ್ಲಿಸಬಹುದು, ಯಾರೂ ಪ್ರಶ್ನಿಸುವಂತಿಲ್ಲ ಎಂದು ಹಡಗು ಹತ್ತುವ ಮೊದಲೇ ಪಾಠ ಹೇಳಿರುತ್ತಾರೆ. ಪಾಠವನ್ನು ಎಲ್ಲರೂ ಕೇಳುತ್ತಾರೆ. ಆದರೆ ಹಳೆಯ ಆಳುಗಳು ಆ ಕಾರ್ಡನ್ನು ಕಿಸೆಯಿಂದ ತೆಗೆಯುವುದಿಲ್ಲ, ಜಾಲರಿ ಸವೆದಿದ್ದರೆ ಸುತ್ತು ಬಳಸಿ ಹೋಗುತ್ತಾರೆ. ಹೊಳೆಯಪ್ಪ ಪಾಠವನ್ನು ನಂಬಿದರು, ಕಾರ್ಡು ತೆಗೆದು ತೋರಿಸಿದರು. ನಂಬಿದ್ದೇ ತಪ್ಪು ಎನ್ನುವುದಾದರೆ ಅವರು ಮಾಡಿದ ತಪ್ಪು ಅದೊಂದೇ.

ಆ ದಾರಿಯಲ್ಲಿ ಸಾಗಬೇಕಿದ್ದ ಯಂತ್ರದ ಕೆಲಸ ಸಂಜೆಯವರೆಗೆ ನಿಂತಿತು. ಸಾಹೇಬರು ಎಲ್ಲರನ್ನೂ ಸೇರಿಸಿ ಚಪ್ಪಾಳೆ ತಟ್ಟಿಸಿದರು, ಒಂದು ನೀಲಿ ಟೊಪ್ಪಿಗೆ ಬಹುಮಾನ ಕೊಟ್ಟರು, ಫೋಟೊ ತೆಗೆದರು. ಮರುದಿನದ ಹಡಗಿನಲ್ಲಿ ಹೊಳೆಯಪ್ಪನವರನ್ನು ದಡಕ್ಕೆ ಕಳಿಸಿದರು. ಬೆಲೆ ಬಿದ್ದಿದೆ, ಕೆಲಸ ಇಲ್ಲ ಎಂದ ಗುತ್ತಿಗೆದಾರ. ಆ ಮಳೆಗಾಲಕ್ಕೆ ಉಳಿದವರೂ ಊರಿಗೆ ಮರಳಿದರು, ಮತ್ತೆ ಯಾರಿಗೂ ಕರೆ ಬರಲಿಲ್ಲ. ಆ ಟೊಪ್ಪಿಗೆ ಈಗ ಬಂಕಿನ ಕಂಬ ಹತ್ತುವಾಗ ಅವರ ತಲೆಯ ಮೇಲಿರುತ್ತದೆ, ಅದರ ಅಕ್ಷರಗಳು ಬಿಸಿಲಿಗೆ ಅಳಿಸಿವೆ.

ರೊಟ್ಟಿ ಗಂಟು ತಂದ ಹೆಂಡತಿ ದೇವವ್ವ ಬೇವಿನ ನೆರಳಿನಲ್ಲಿ ಕೂತಿದ್ದಾರೆ. ಅವರ ಮಾತಿನಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚು. “ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ರಿ, ಹಂಗಾತು ನಮ್ಮ ಬಾಳೇವು. ರೇಟು ಬಿದ್ದೈತಿ ಅಂದ್ರು, ಹೌದ ಬಿಡು ಅಂದ್ವಿ. ಎರಡು ವರ್ಷ ಎಲ್ಲಾರೂ ಮನ್ಯಾಗ ಕುಂತ್ರು, ನಾವೂ ಕುಂತ್ವಿ. ಈಗ ರೇಟು ಏರೈತಿ. ಎಲ್ಲಾರಿಗೂ ಫೋನ್ ಬಂತು. ಇವರ ಫೋನ್ ಕೆಟ್ಟೈತೇನು ಅಂತ ನಾನ ಒಂದ್ಸಲ ಹಚ್ಚಿ ನೋಡಿದ್ನಿ. ರಿಂಗ್ ಆತು.”

ಹೊಳೆಯಪ್ಪ ರೊಟ್ಟಿ ಮುರಿಯುತ್ತ ತಲೆ ತಗ್ಗಿಸುತ್ತಾರೆ. ಕೆಲಸ ಕಾರ್ಡಿನಿಂದ ಹೋಯಿತೋ, ಬೆಲೆಯಿಂದ ಹೋಯಿತೋ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಬೆಲೆ ಏರುವವರೆಗೆ ಬೆಲೆಯ ಮೇಲೆ ತಪ್ಪು ಹೊರಿಸಬಹುದಿತ್ತು, ಈಗ ಅದೂ ಇಲ್ಲ. “ಕರೀಲಿಲ್ಲ ಅನ್ನೋದಕ್ಕ ಭಾಳ ಬ್ಯಾಸರಿಲ್ರಿ,” ಎನ್ನುತ್ತಾರೆ. ಅದು ಸುಳ್ಳೆಂದು ಅವರ ಮುಖವೇ ಹೇಳುತ್ತದೆ. “ಆದ್ರ ಆ ಜಾಳಿ ಬದಲಿ ಮಾಡಿದ್ರೋ ಇಲ್ಲೋ ಖಬರಿಲ್ಲ. ನಾ ಬರೂ ಮುಂದ ಬರೇ ಕೆಂಪು ಪಟ್ಟಿ ಕಟ್ಟಿದ್ರು. ಆ ಗಾಳಿಗೆ ಪಟ್ಟಿ ಎಷ್ಟ ದಿನ ತಡೀತೈತಿ?”

ಅಷ್ಟರಲ್ಲಿ ಶಿರಹಟ್ಟಿಯ ಈಶಪ್ಪ ಬಂದಿಳಿಯುತ್ತಾರೆ, ಹೆಗಲಿಗೆ ದೊಡ್ಡ ಚೀಲ. ಅವರಿಗೆ ಕರೆ ಬಂದಿದೆ. ಸಂಜೆ ಗದಗಿನಲ್ಲಿ ಮುಂಬೈ ರೈಲು. ಹೇಳಿಹೋಗಲು ಬಂದಿದ್ದಾರೆ. ಚೀಲದ ಪಟ್ಟಿ ಬಿಚ್ಚಿ ಕಟ್ಟುತ್ತಾರೆ. ಕೊನೆಗೆ ದೇವವ್ವನ ಕಡೆ ತಿರುಗಿ, “ವೈನಿ, ಅವತ್ತು ಬಣ್ಣದ ಡಬ್ಬಿ ಹೊತ್ಕೊಂಡು ಅಣ್ಣನ ಮುಂದ ಹೊಂಟಾಂವ ನಾನು. ಹಿಂದ ಸರಿ ಲೇ ಅಂತ ಜಗ್ಗಿದ. ಆದ್ರ ಕಾರ್ಡು ನನ್ನ ಕಿಸೇದಾಗೂ ಇತ್ತು, ನಾ ತಗೀಲಿಲ್ಲ,” ಎನ್ನುತ್ತಾರೆ. ದೇವವ್ವ ಅವರಿಗೂ ಒಂದು ರೊಟ್ಟಿ ಮುಂದೆ ಮಾಡುತ್ತಾರೆ.

ಹೊಳೆಯಪ್ಪ ಎದ್ದು ಹೋಗಿ ಏಣಿಯ ಬುಡದಿಂದ ಹಿತ್ತಾಳೆ ಸುತ್ತಿಗೆ ತಂದು, ಒರೆಸಿ, ಈಶಪ್ಪನ ಚೀಲಕ್ಕೆ ಹಾಕುತ್ತಾರೆ. ಇನ್ನು ಕಂಬ ಬಡಿಯಲು ಅವರಿಗೆ ಉಳಿದದ್ದು ಕಟ್ಟಿಗೆಯ ಕೊಡತಿ.

“ಮೂರನೇ ಅಂತಸ್ತು, ಗಾಳಿ ಕಡೀದು. ಯಾರನ್ನೂ ಕೇಳಾಕ ಹೋಗಬ್ಯಾಡ, ಕೇಳಿದ್ರ ನಿನ್ನ ಹೆಸರೂ ಕೆಡತೈತಿ. ಕಾಲಿಡೂಕಿಂತ ಮೊದಲ ಒಂದ್ಸಲ ಬಡದ ನೋಡು. ಹಾಡಿದ್ರ, ಹೊಸಾದು ಹಾಕ್ಯಾರಂತ ನನಗೊಂದು ಫೋನ್ ಮಾಡು. ಅಷ್ಟಾದ್ರ ನನಗ ಸಾಕು.”

“ಕೆಮ್ಮಿದ್ರ ಅಣ್ಣಾ?”

ಗದಗಿನ ಬಸ್ಸು ತಿರುವಿನಲ್ಲಿ ಕಾಣಿಸುತ್ತದೆ. ಹೊಳೆಯಪ್ಪ ಟೊಪ್ಪಿಗೆ ತಲೆಗೇರಿಸಿಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುತ್ತಾರೆ.

“ಕೆಮ್ಮಿದ್ರ ಕಾರ್ಡು ತಗಿ, ನೀನೂ ಮನಿಗೆ ಬಾ. ಇಲ್ಲಿ ಕಂಬ ಭಾಳ ಅದಾವು.”